ಗುಂಡಿಗೆ ಹಚ್ಚಿದ ಕಾಡಿಗೆ

ಕೇರಂ ಆಡಿದವರಿಗೆಲ್ಲ ಗೊತ್ತು, ಹಲಗೆಯ ಮೇಲೆ ಚಿಟಿಕೆ ಬೋರಿಕ್ ಪುಡಿ ಉದುರಿಸದಿದ್ದರೆ ಸ್ಟ್ರೈಕರ್ ಮುಗ್ಗರಿಸುತ್ತದೆ. ಅದರ ಬದಲು ಎಣ್ಣೆ ಸವರಿ ಆಡಲಾದೀತೆ? ಬಿಗಿದುಕೊಂಡ ಬೀಗಕ್ಕೆ ಪೆನ್ಸಿಲ್ಲಿನ ಕರಿಪುಡಿ ಹಾಕುವುದೂ ಇದೇ ಲೆಕ್ಕ. ಒದ್ದೆಯಿಲ್ಲದೆ ಜಾರಿಸುವ ಇಂಥ ಪುಡಿಯನ್ನು ರೈಫಲ್ಲಿನ ಗುಂಡಿಗೇ ಬಳಿದು ನೋಡಿದವರು ಅಮೆರಿಕದ ಗುರಿಕಾರರು.

ಒಹಾಯೋ ರಾಜ್ಯದಲ್ಲಿ, ಈರಿ ಸರೋವರದ ದಂಡೆಯಲ್ಲಿ ಕ್ಯಾಂಪ್ ಪೆರಿ ಎಂಬ ಮೈದಾನವಿದೆ. 1907ರಿಂದ ಅದು ರೈಫಲ್ ಸ್ಪರ್ಧೆಗಳಿಗೆ ಹೆಸರುವಾಸಿ. ಸಾವಿರ ಗಜದಾಚೆಯ ಗುರಿಗೆ ಹೊಡೆಯುವವನು ಅಂಗಡಿಯ ತೋಟಾವನ್ನು ಅಷ್ಟಾಗಿ ನಂಬುವುದಿಲ್ಲ. ಹಾರಿಸಿ ಉಳಿದ ಹಿತ್ತಾಳೆ ಕವಚವನ್ನು ಮನೆಗೆ ತಂದು, ಹೊಸ ಕೇಪು ಕೂರಿಸಿ, ಅಕ್ಕಸಾಲಿಗನಂತೆ ಮದ್ದು ತೂಗಿ, ಬಾಯಿಗೆ ಗುಂಡು ಒತ್ತಿ ತನ್ನ ತೋಟಾ ತಾನೇ ಕಟ್ಟಿಕೊಳ್ಳುತ್ತಾನೆ. ರಾತ್ರಿ ಊಟವಾದ ಮೇಲೆ ಅವನಿಗೆ ಇದೇ ಜಪ.

ಅವನ ತಲೆನೋವು ತಾಮ್ರ. ಸುಮಾರು 11 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಬೀಳುತ್ತದೆ. ನಳಿಗೆಯೊಳಗಿನ ತಿರುಚು ಗೆರೆಗಳು ಅಡಿಗೊಂದು ಸುತ್ತಿನಂತಿದ್ದರೆ ಅದು ಸೆಕೆಂಡಿಗೆ 2,600 ಸುತ್ತಿನ ಲೆಕ್ಕದಲ್ಲಿ ಬುಗುರಿಯಾಡುತ್ತದೆ. ಈ ತಿಕ್ಕಾಟದಲ್ಲಿ ಗುಂಡಿನ ತಾಮ್ರದ ಹೊದಿಕೆ ಚೂರುಚೂರೇ ಉಕ್ಕಿಗೆ ಮೆತ್ತಿಕೊಂಡು ಗುರಿ ಕೆಡಿಸುತ್ತದೆ. ಅಮೋನಿಯಾ ದ್ರಾವಣದಲ್ಲಿ ಅದ್ದಿದ ಬಟ್ಟೆಯ ತುಂಡನ್ನು ನಳಿಗೆಯಲ್ಲಿ ತೂರಿಸಿದರೆ ನೀಲಿಯಾಗಿ ಹೊರಬರುತ್ತದೆ. ಮೈಲುತುತ್ತದ ದ್ರಾವಣಕ್ಕೆ ಅಮೋನಿಯಾ ಸುರಿದ ಪ್ರತಿ ವಿದ್ಯಾರ್ಥಿಯೂ ಕಂಡ ಅದೇ ಗಾಢ ನೀಲಿ!

1990ರ ದಶಕದಲ್ಲಿ ಇದಕ್ಕೆ ಮದ್ದೆಂದು ಬಂದದ್ದು ಮಾಲಿಬ್ಡಿನಂ ಡೈಸಲ್ಫೈಡ್, ಗುರಿಕಾರರ ಬಾಯಲ್ಲಿ ಬರೀ 'ಮಾಲಿ'. ನೋಡಲು ಗ್ರಾಫೈಟಿನ ಅವಳಿಯಂತಿರುವ ಈ ಖನಿಜವೇ ಬೇರೆಯೆಂದು ಸ್ವೀಡನ್ನಿನ ಷೀಲೆ 1778ರಲ್ಲಿ ತೋರಿಸಿದ್ದ. ಒಂದು ಪದರ ಮಾಲಿಬ್ಡಿನಂ, ಅದರ ಎರಡು ಬದಿಗೂ ಗಂಧಕ. ಹೀಗೆ ಪೇರಿಸಿದ ಹಾಳೆಗಳು. ಹಾಳೆಯೊಳಗಿನ ಬಂಧ ಗಟ್ಟಿ, ಹಾಳೆ ಹಾಳೆಗಳ ನಡುವಿನ ಹಿಡಿತ ಸಡಿಲ. ಹೊಸ ಇಸ್ಪೀಟು ಕಟ್ಟನ್ನು ಒರೆಸಿದಂತೆ ಒಂದರ ಮೇಲೊಂದು ಜಾರುತ್ತವೆ. ಗುಂಡುಗಳನ್ನು ಈ ಪುಡಿಯೊಂದಿಗೆ ಡಬ್ಬಿಗೆ ಹಾಕಿ ಗಂಟೆಗಟ್ಟಲೆ ಉರುಳಿಸಿ, ಮೇಲೆ ಕಾರ್ನೂಬಾ ಎಂಬ ತಾಳೆಜಾತಿಯ ಎಲೆಯ ಮೇಣ ಸವರಿದರೆ ಮಿರಮಿರ ಮಿಂಚುವ ಕರಿಗುಂಡು ಸಿದ್ಧ.

ಇಲ್ಲಿಂದ ಮುಂದೆ ಎಚ್ಚರ ಬೇಕು. ಗುಂಡು ಸುಲಭವಾಗಿ ಜಾರಿದರೆ ಅದರ ಹಿಂದೆ ಒತ್ತಡ ಅಷ್ಟು ಏರುವುದಿಲ್ಲ; ವೇಗವೂ ಇಳಿಯುತ್ತದೆ. ಕಳೆದ ವೇಗವನ್ನು ಮರಳಿ ಪಡೆಯಲು ಗುರಿಕಾರ ಮದ್ದು ಒಂದಿಷ್ಟು ಹೆಚ್ಚಿಸುತ್ತಾನೆ. ಕರಿಗುಂಡಿಗೆ ಅದು ಸರಿಯೇ. ಆದರೆ ಒಂದು ರಾತ್ರಿ ಪುಡಿ ಮುಗಿದು, ಅದೇ ಅಳತೆಯ ಮದ್ದಿನ ಮೇಲೆ ಬರಿಯ ತಾಮ್ರದ ಗುಂಡು ಕೂರಿಸಿದನೋ, ಒತ್ತಡ ಮಿತಿ ಮೀರಬಹುದು. ಸಾಮಾನ್ಯ ತೋಟಾದಲ್ಲೇ ಅದು ವಾಯುಮಂಡಲದ ಒತ್ತಡದ ನಾಲ್ಕು ಸಾವಿರ ಪಟ್ಟಿನ ಸುಮಾರಿಗೆ ಇರುತ್ತದೆ. ಅದನ್ನು ತಡೆದು ನಿಂತ ಬೋಲ್ಟು ಅವನ ಕೆನ್ನೆಯಿಂದ ಗೇಣು ದೂರದಲ್ಲಿದೆ. ಆದ್ದರಿಂದಲೇ ಬಲ್ಲವರು ಎರಡು ಬಗೆಯ ಗುಂಡಿಗೂ ಬೇರೆ ಬೇರೆ ಡಬ್ಬಿ, ಬೇರೆ ಬೇರೆ ಚೀಟಿ ಇಡುತ್ತಾರೆ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ನಳಿಗೆಯ ಆಯುಷ್ಯ ಹೆಚ್ಚುತ್ತದೆಂಬ ಮಾತೂ ಹಬ್ಬಿತ್ತು. ಅದು ಅಷ್ಟು ನಂಬತಕ್ಕದ್ದಲ್ಲ. ನಳಿಗೆಯ ಗಂಟಲನ್ನು ತಿನ್ನುವುದು ಮುಖ್ಯವಾಗಿ ಉಕ್ಕು ಕರಗುವ ತಾಪವನ್ನೂ ಮೀರಿದ ಬಿಸಿ ಅನಿಲ, ಗುಂಡಿನ ತಿಕ್ಕಾಟವಲ್ಲ. ಮೇಲಾಗಿ ತೇವದ ಗಾಳಿಯಲ್ಲಿ ಮಾಲಿ ನಿಧಾನವಾಗಿ ಉತ್ಕರ್ಷಣೆಗೊಂಡು, ಅದರ ಗಂಧಕ ಆಮ್ಲವಾಗಿ ಉಕ್ಕಿಗೆ ತುಕ್ಕು ತರಿಸಬಲ್ಲದು. ಮಳೆಗಾಲ ಪೂರ್ತಿ ತೊಳೆಯದೆ ಮೂಲೆಗಿಟ್ಟ ರೈಫಲ್ಲಿಗೆ ಇದು ಒಳ್ಳೆಯದಲ್ಲ. ಹಲವರು ಬರಿಗುಂಡಿಗೇ ಮರಳಿದರು. ಕೆಲವರು ಬೋರಾನ್ ನೈಟ್ರೈಡಿಗೆ ಹೋದರು. ಅದೂ ಹಾಳೆಹಾಳೆಯಾದದ್ದೇ, ಬಣ್ಣ ಬಿಳಿ, ಗಂಧಕದ ಸುಳಿವಿಲ್ಲ.

ಮಾಲಿ ಬಿಡದವರೂ ಇದ್ದಾರೆ. ತೊಳೆಯದೆ ಹೆಚ್ಚು ಗುಂಡು ಹಾರಿಸಬಹುದೆಂಬುದೊಂದೇ ಅವರಿಗೆ ಸಾಕು. ನಳಿಗೆಯಿಂದ ಹೊರಬರುವ ಬಟ್ಟೆ ಈಗ ನೀಲಿಯಾಗುವುದು ಕಡಿಮೆ, ಕಪ್ಪಾಗುತ್ತದೆ. ಬಟ್ಟೆಯ ಜೊತೆಗೆ ಬೆರಳು, ಮೇಜು, ಅಂಗಿಯ ತೋಳು, ಒಮ್ಮೊಮ್ಮೆ ಹೆಂಡತಿಯ ಅಡುಗೆಮನೆಯ ಟವಲ್ಲೂ.