ಒಂದೂವರೆ ಗಂಟೆಯ ದಾರಿ

ಶಾಲೆಯ ಅಟ್ಲಾಸಿನ ಮೇಲೆ ದಾರ ಹಿಡಿದು ಊರಿಂದೂರಿಗೆ ದೂರ ಅಳೆಯುತ್ತಿದ್ದ ಚಟ ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗ ದಾರ ಬೇಡ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಮೊಬೈಲೇ ಲೆಕ್ಕ ಹೇಳುತ್ತದೆ. ಮೊನ್ನೆ ಕೆನಡಾದ ಉತ್ತರ ತುದಿಯ ನುನಾವುಟ್‌ನ ಎರಡು ಊರು ಕೊಟ್ಟೆ: ರೆಸಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್. ಸುಮಾರು 385 ಕಿಲೋಮೀಟರ್. ನೇರ ಗೆರೆ ಎಳೆದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಆಗುವಷ್ಟೇ. ಸಮಯ, ಒಂದು ಗಂಟೆಗಿಂತ ಕಡಿಮೆ.

ಮೊಬೈಲು ಜೆಟ್ ವಿಮಾನದ ವೇಗ ಹಿಡಿದಿತ್ತು. ಗ್ರೀಸ್ ಫಿಯರ್ಡ್‌ಗೆ ಜೆಟ್ ಹೋಗುವುದಿಲ್ಲ. ಅಲ್ಲಿರುವುದು ಸುಮಾರು 500 ಮೀಟರಿನ ಜಲ್ಲಿ ಓಡುದಾರಿ, ಸುತ್ತ ಬೆಟ್ಟ. ಇಳಿಯಬಲ್ಲದ್ದು ಟ್ವಿನ್ ಆಟರ್ ಎಂಬ ಎರಡು ಪ್ರೊಪೆಲರಿನ ಪುಟ್ಟ ವಿಮಾನ. ಅದಕ್ಕೆ ಒಂದೂವರೆ ಗಂಟೆ ಬೇಕು. ಅದೂ ಗಾಳಿ, ಮಂಜು ಬಿಟ್ಟರೆ. ಕಾಂತಧ್ರುವ ಹತ್ತಿರವಾದ್ದರಿಂದ ಆ ಸೀಮೆಯಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ. ಪೈಲಟ್‌ಗಳು ದಿಕ್ಕನ್ನು ನಿಜವಾದ ಉತ್ತರದಿಂದಲೇ ಎಣಿಸುತ್ತಾರೆ. ಚಳಿಗಾಲದಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಸೂರ್ಯ ಹುಟ್ಟುವುದಿಲ್ಲ. ಸಾಮಾನು ಹೊತ್ತ ಹಡಗು ಬರುವುದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. (ಗ್ರೀಸ್ ಎಂದರೆ ನಾರ್ವೆಯ ಭಾಷೆಯಲ್ಲಿ ಹಂದಿ. ಅಲ್ಲಿನ ವಾಲ್ರಸ್‌ಗಳ ಗುರುಗುಟ್ಟುವಿಕೆ ಕೇಳಿ ಒಬ್ಬ ನಾವಿಕ ಇಟ್ಟ ಹೆಸರಂತೆ. ಇನುಇಟ್ ಜನ ಕರೆಯುವುದು ಬೇರೆ: ಎಂದೂ ಕರಗದ ಜಾಗ.)

ಈ ಎರಡು ಊರುಗಳು ಅಲ್ಲಿ ಹೇಗೆ ಬಂದವು ಎಂದು ಓದತೊಡಗಿದ ಮೇಲೆ ದೂರದ ಲೆಕ್ಕ ಮರೆತೇಹೋಯಿತು.

1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್‌ನ ಉತ್ತರದಲ್ಲಿರುವ ಇನುಕ್ಜುವಾಕ್‌ನ ಇನುಇಟ್ ಕುಟುಂಬಗಳನ್ನು ಸುಮಾರು 2000 ಕಿಲೋಮೀಟರ್ ಉತ್ತರಕ್ಕೆ ಹಡಗಿನಲ್ಲಿ ಸಾಗಿಸಿತು. ಅಲ್ಲಿ ಬೇಟೆ ಹೇರಳ, ಬೇಡವೆನಿಸಿದರೆ ಎರಡು ವರ್ಷಕ್ಕೆ ವಾಪಸ್ಸು ಬರಬಹುದು ಎಂದು ಹೇಳಿತ್ತು. ಆರ್ಕ್ಟಿಕ್ ತನ್ನದೆಂದು ತೋರಿಸಿಕೊಳ್ಳಲು ಸರ್ಕಾರಕ್ಕೆ ಅಲ್ಲಿ ಜನ ಬೇಕಿತ್ತು ಎಂಬುದು ಆ ಜನರ ದೂರು. ಎಲ್ಲರೂ ಒಟ್ಟಿಗೇ ಇರುತ್ತೇವೆಂದುಕೊಂಡು ಹಡಗು ಹತ್ತಿದವರಿಗೆ, ಬೇರೆ ಬೇರೆ ಕಡೆ ಇಳಿಸುತ್ತೇವೆ ಎಂದು ತಿಳಿಸಿದ್ದು ದಾರಿಯಲ್ಲಿ. ಕೆಲವರು ಇತ್ತ, ಕೆಲವರು ಅತ್ತ. ಹೆಂಗಸರು ಅಳತೊಡಗಿದರು, ಅವರ ದನಿಗೆ ಹಡಗಿನ ನಾಯಿಗಳೂ ಊಳಿಟ್ಟವು ಎಂದು ಜಾನ್ ಅಮಗೋಆಲಿಕ್ ಮುಂದೆ ನೆನೆದಿದ್ದಾರೆ. ಆಗ ಅವರು ಐದಾರು ವರ್ಷದ ಹುಡುಗ. ಬೆಳೆದು ನುನಾವುಟ್ ರಚನೆಗೆ ದುಡಿದವರು.

ವಾಪಸ್ಸಿನ ಮಾತನ್ನು ಸರ್ಕಾರ ಉಳಿಸಿಕೊಳ್ಳಲಿಲ್ಲ. ಕ್ಷಮೆ ಕೇಳಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಹಡಗು ಹತ್ತಿದ್ದ ಹಿರಿಯರಲ್ಲಿ ಎಷ್ಟೋ ಮಂದಿ ಇರಲಿಲ್ಲ.

ಅದೇ ವರ್ಷ ಎರಡೂ ಊರುಗಳಲ್ಲಿ ಸ್ಮಾರಕ ನಿಲ್ಲಿಸಿದರು. ರೆಸಲ್ಯೂಟ್‌ನಲ್ಲಿ ಒಂಟಿ ಗಂಡಸು, ಗ್ರೀಸ್ ಫಿಯರ್ಡ್ ಇರುವ ದಿಕ್ಕಿಗೆ ನೋಡುತ್ತಿದ್ದಾನೆ. ಗ್ರೀಸ್ ಫಿಯರ್ಡ್‌ನಲ್ಲಿ ಒಬ್ಬ ತಾಯಿ, ರೆಸಲ್ಯೂಟ್ ಕಡೆಗೆ ಮುಖ ಮಾಡಿದ್ದಾಳೆ. ನಾನು ದಾರ ಹಿಡಿದಿದ್ದರೆ ಅದರ ಎರಡು ತುದಿ ಇವರಿಬ್ಬರ ಮೇಲೆಯೇ ಬೀಳುತ್ತಿತ್ತು. ತಾಯಿಯ ಜೊತೆ ಒಬ್ಬ ಹುಡುಗನಿದ್ದಾನೆ, ಒಂದು ನಾಯಿಯೂ ಇದೆ.