ಲಿಫ್ಟಿನಲ್ಲಿ ಆಡಿದ ಮಾತು

2021ರ ಮೇ ತಿಂಗಳಲ್ಲಿ ‘ಮಾಸ್ ಎಫೆಕ್ಟ್’ ಸರಣಿಯ ಮೊದಲ ಮೂರು ವಿಡಿಯೋ ಗೇಮ್‌ಗಳು ‘ಲೆಜೆಂಡರಿ ಎಡಿಷನ್’ ಎಂಬ ಹೆಸರಿನಲ್ಲಿ, ಹೊಸ ಮೆರುಗು ಪಡೆದು ಒಂದೇ ಕಟ್ಟಾಗಿ ಮರಳಿ ಬಂದಾಗ, ವಿಮರ್ಶಕರ ಗಮನವೆಲ್ಲ ಚಿತ್ರಗಳ ಸ್ಪಷ್ಟತೆ, ಮುಖಗಳ ನುಣುಪು ಮತ್ತು ಬಂದೂಕಿನ ಗುರಿಯ ನಿಖರತೆಯ ಕಡೆಗಿತ್ತು. ಮೊದಲ ಆಟಕ್ಕೆ ಸೇರಿಕೊಂಡಿದ್ದ ಇನ್ನೊಂದು ಸಣ್ಣ ಅನುಕೂಲದ ಬಗ್ಗೆ ಅವರು ನಗುತ್ತ ಒಂದೆರಡು ಮಾತು ಆಡಿ ಮುಂದೆ ಸಾಗಿದರು. ಲಿಫ್ಟಿನೊಳಗೆ ನಿಂತ ಆಟಗಾರನು ಒಂದು ಗುಂಡಿ ಒತ್ತಿದರೆ ಸಾಕು, ಪಯಣ ಅಲ್ಲಿಗೇ ಮುಗಿದು ಬಾಗಿಲು ತೆರೆದುಕೊಳ್ಳುವ ವ್ಯವಸ್ಥೆ ಅದು. ಒಂದು ನಿಮಿಷದ ಹತ್ತಿರಕ್ಕೆ ಎಳೆಯುತ್ತಿದ್ದ ಲಿಫ್ಟುಗಳು ಹೊಸ ಯಂತ್ರಗಳಲ್ಲಿ ಕೆಲವೇ ಸೆಕೆಂಡುಗಳಲ್ಲಿ ಗುರಿ ಸೇರತೊಡಗಿದವು. ಮೊದಲ ಆಟವನ್ನು ವಿದ್ಯಾರ್ಥಿ ದೆಸೆಯಲ್ಲಿ ಆಡಿ, ಈಗ ಮಕ್ಕಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ಮತ್ತೆ ಆಡುತ್ತಿರುವ ತಲೆಮಾರಿಗೆ ಇದಕ್ಕಿಂತ ದೊಡ್ಡ ಉಪಕಾರ ಇರಲಾರದು. ಆದರೂ ಈ ಬರಹದ ಲೇಖಕನೂ ಸೇರಿದಂತೆ ಆ ತಲೆಮಾರಿನ ಕೆಲವರು ಗುಂಡಿಯ ಮೇಲೆ ಬೆರಳಿಟ್ಟು ಒತ್ತದೆ ನಿಲ್ಲುತ್ತಾರೆ ಎಂಬುದಕ್ಕೆ ಕಾರಣವಿದೆ.

ರೋಲ್-ಪ್ಲೇಯಿಂಗ್ ಗೇಮ್, ಅಂದರೆ ಆಟಗಾರನು ಒಂದು ಪಾತ್ರವನ್ನು ವಹಿಸಿಕೊಂಡು ಅದರ ಮಾತು, ನಡತೆ, ತೀರ್ಮಾನಗಳನ್ನು ತಾನೇ ಆರಿಸುತ್ತ ಕಥೆಯನ್ನು ಮುಂದಕ್ಕೆ ಒಯ್ಯುವ ಆಟದ ಪ್ರಕಾರದಲ್ಲಿ, ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಸಂಸ್ಥೆಯ ಹೆಸರು ದೊಡ್ಡದು. 1995ರಲ್ಲಿ ಅದನ್ನು ಕಟ್ಟಿದ ರೇ ಮುಝಿಕಾ, ಗ್ರೆಗ್ ಜೆಶುಕ್ ಮತ್ತು ಆಗಸ್ಟಿನ್ ಯಿಪ್ ಮೂವರೂ ವೈದ್ಯರು. ಯಿಪ್ ಬೇಗನೆ ವೈದ್ಯವೃತ್ತಿಗೆ ಮರಳಿದರು, ಉಳಿದಿಬ್ಬರು ಆಟಗಳಲ್ಲೇ ಉಳಿದರು. ‘ಬಾಲ್ಡರ್ಸ್ ಗೇಟ್’ ಮತ್ತು ಸ್ಟಾರ್ ವಾರ್ಸ್ ಲೋಕದ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ ಆಟಗಳಿಂದ ಹೆಸರು ಮಾಡಿದ ಈ ಸಂಸ್ಥೆಯು, ಇನ್ನೊಬ್ಬರ ಲೋಕವನ್ನು ಬಾಡಿಗೆಗೆ ಪಡೆಯುವುದನ್ನು ಬಿಟ್ಟು ತನ್ನದೇ ಒಂದು ಅಂತರಿಕ್ಷ ಲೋಕವನ್ನು ಕಟ್ಟಲು ಹೊರಟಾಗ ಹುಟ್ಟಿದ್ದು ‘ಮಾಸ್ ಎಫೆಕ್ಟ್’. ಕೇಸಿ ಹಡ್ಸನ್ ಅವರ ನಿರ್ದೇಶನ ಮತ್ತು ಡ್ರೂ ಕಾರ್ಪಿಶಿನ್ ಅವರ ಪ್ರಧಾನ ಬರವಣಿಗೆಯಲ್ಲಿ ಅದರ ಮೊದಲ ಆಟ 2007ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಬಂದಿತು. ಕ್ರಿ.ಶ. 2183ರಲ್ಲಿ ಶೆಪರ್ಡ್ ಎಂಬ ಸೇನಾಧಿಕಾರಿಯು ನಾರ್ಮಂಡಿ ಎಂಬ ನೌಕೆಯಲ್ಲಿ, ಐವತ್ತು ಸಾವಿರ ವರ್ಷಗಳಿಗೊಮ್ಮೆ ಬಂದು ನಾಗರಿಕತೆಗಳನ್ನು ಗುಡಿಸಿಹಾಕುವ ರೀಪರ್‌ಗಳೆಂಬ ಯಂತ್ರಜೀವಿಗಳನ್ನು ಎದುರಿಸುವ ಕಥೆಯನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಆ ನಾಯಕನು ಗಂಡೋ ಹೆಣ್ಣೋ, ದಯಾಳುವೋ ನಿಷ್ಠುರನೋ ಎಂಬುದನ್ನು ಆಟಗಾರನೇ ನಿರ್ಧರಿಸುತ್ತಾನೆ, ಒಂದು ಆಟದಲ್ಲಿ ಮಾಡಿದ ತೀರ್ಮಾನಗಳು ಮುಂದಿನ ಆಟಕ್ಕೂ ಬೆನ್ನುಹತ್ತಿ ಬರುತ್ತವೆ ಎಂಬಷ್ಟು ನೆನಪಿಸಿದರೆ ಸಾಕು.

ಇಷ್ಟು ವಿಸ್ತಾರವಾದ ಬ್ರಹ್ಮಾಂಡದಲ್ಲಿ ಲಿಫ್ಟಿಗೆ ಏನು ಕೆಲಸವೆಂದು ಕೇಳಬಹುದು. ಅದರ ಮೂಲ ಇರುವುದು ಯಂತ್ರದ ಬಡತನದಲ್ಲಿ. ಎಕ್ಸ್‌ಬಾಕ್ಸ್ 360ಯಲ್ಲಿ ಇದ್ದ ಮೆಮೊರಿ 512 ಮೆಗಾಬೈಟ್ ಮಾತ್ರ. ಅದರ ಅಗ್ಗದ ಮಾದರಿಗೆ ಹಾರ್ಡ್ ಡಿಸ್ಕ್ ಕೂಡ ಇರಲಿಲ್ಲವಾದ್ದರಿಂದ, ಆಟಗಳನ್ನು ತಯಾರಿಸುವವರು ಎಲ್ಲವನ್ನೂ ತಿರುಗುವ ಡಿವಿಡಿಯಿಂದಲೇ ಓದಿಸಿಕೊಳ್ಳಬೇಕೆಂಬ ಲೆಕ್ಕದಲ್ಲಿ ಕೆಲಸ ಮಾಡಬೇಕಿತ್ತು. ಸಿಟಡೆಲ್ ಎಂಬ ಬೃಹತ್ ಅಂತರಿಕ್ಷ ನಗರದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಜಾಗವನ್ನು ಮೆಮೊರಿಯಿಂದ ತೆಗೆದು ಹೊಸ ಜಾಗವನ್ನು ತುಂಬಬೇಕು. ಲೋಡಿಂಗ್ ಎಂದು ಕರೆಯುವ ಈ ಕೆಲಸ ಮುಗಿಯುವವರೆಗೆ ಆಟಗಾರನನ್ನು ಎಲ್ಲಾದರೂ ಕೂಡಿಹಾಕಬೇಕು. ಕಿಟಕಿ ಚಿಕ್ಕದಾಗಿರುವ, ಓಡಾಡಲು ಜಾಗವಿಲ್ಲದ, ನಿಧಾನವಾಗಿದ್ದರೂ ಯಾರೂ ಅಸಹಜವೆಂದು ಭಾವಿಸದ ಕೋಣೆಯೆಂದರೆ ಲಿಫ್ಟು.

ಇಂಥ ಉಪಾಯಗಳಿಗೆ ಹಿಂದಿನ ಪರಂಪರೆಯೂ ಇದೆ. 1996ರಲ್ಲಿ ಜಪಾನಿನ ಕ್ಯಾಪ್ಕಾಮ್ ಸಂಸ್ಥೆಯು ತಂದ ‘ರೆಸಿಡೆಂಟ್ ಈವಿಲ್’ನಲ್ಲಿ ಪ್ರತಿ ಕೋಣೆಗೆ ಹೋಗುವಾಗಲೂ ಕಪ್ಪು ಪರದೆಯ ನಡುವೆ ಒಂದು ಬಾಗಿಲು ಕಿರ್ರೆನ್ನುತ್ತ ತೆರೆದುಕೊಳ್ಳುತ್ತಿತ್ತು, ಒಳಗೆ ಏನಿದೆಯೋ ಎಂಬ ಭಯ ಆಟಗಾರನದು, ಅಷ್ಟರಲ್ಲಿ ಡಿಸ್ಕನ್ನು ಓದಿ ಮುಗಿಸುವ ಅವಸರ ಯಂತ್ರದ್ದು. ಇನ್ನೊಂದು ಜಪಾನೀ ಸಂಸ್ಥೆಯಾದ ನಾಮ್ಕೋ ಹೆಚ್ಚು ನೇರವಾದ ದಾರಿ ಹಿಡಿದು, ದೊಡ್ಡ ಆಟ ತೆರೆದುಕೊಳ್ಳುವವರೆಗೆ ಒಂದು ಚಿಕ್ಕ ಆಟವನ್ನು ಆಡಲು ಕೊಡುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟನ್ನೇ ಪಡೆದುಕೊಂಡಿತು. 1998ರಲ್ಲಿ ಮಂಜೂರಾದ ಆ ಹಕ್ಕು 2015ರವರೆಗೂ ಜೀವಂತವಾಗಿತ್ತು. ಕಾಯುವ ಹೊತ್ತಿನಲ್ಲಿ ಆಟ ಆಡಿಸುವುದು ಒಬ್ಬರ ಆಸ್ತಿಯಾಗಿದ್ದ ಕಾಲದಲ್ಲಿ, ಕಾಯುವ ಹೊತ್ತಿನಲ್ಲಿ ಮಾತಾಡುವುದು ಮಾತ್ರ ಯಾರ ಹಕ್ಕಿಗೂ ಒಳಪಟ್ಟಿರಲಿಲ್ಲ. ವೈದ್ಯರು ಕಟ್ಟಿದ ಸಂಸ್ಥೆಗೆ, ಕಾಯುತ್ತ ಕುಳಿತವರು ತಾವಾಗಿಯೇ ಮಾತಿಗೆ ತೊಡಗುತ್ತಾರೆಂಬುದು ತಿಳಿಯದ ವಿಷಯವಾಗಿರಲಾರದು.

ಬಯೋವೇರ್ ತನ್ನ ಲಿಫ್ಟುಗಳಲ್ಲಿ ಮಾಡಿದ್ದು ಇದನ್ನೇ. ಶೆಪರ್ಡ್ ಜೊತೆಗೆ ಯಾವಾಗಲೂ ಇಬ್ಬರು ಸಂಗಡಿಗರು ಇರುತ್ತಾರೆ. ಲಿಫ್ಟು ಏರತೊಡಗಿದರೆ ಒಮ್ಮೆ ಸುದ್ದಿವಾಚನ ಕೇಳಿಸುತ್ತದೆ, ಅದರಲ್ಲಿ ಆಟಗಾರನು ಆಗಷ್ಟೇ ಮುಗಿಸಿ ಬಂದ ಸಾಹಸದ ವರದಿಯೂ ಇರುತ್ತದೆ. ಇನ್ನೊಮ್ಮೆ ಆ ಇಬ್ಬರು ತಮ್ಮತಮ್ಮಲ್ಲೇ ಮಾತಿಗೆ ತೊಡಗುತ್ತಾರೆ. ಇದರ ಒಂದು ಉದಾಹರಣೆಯನ್ನು ವಿಸ್ತರಿಸಿ ಹೇಳಬೇಕು. ಕ್ರೋಗನ್ ಎಂಬುದು ಈ ಲೋಕದ ಯುದ್ಧಪ್ರಿಯ ಜನಾಂಗ. ಅವರ ಬಂಡಾಯವನ್ನು ಅಡಗಿಸಲು ಸಲೇರಿಯನ್ನರೆಂಬ ಬುದ್ಧಿವಂತ ಜನಾಂಗ ರೂಪಿಸಿದ ‘ಜೀನೋಫೇಜ್’ ಎಂಬ ಸೋಂಕಿನಿಂದಾಗಿ ಅವರಲ್ಲಿ ಸಾವಿರ ಗರ್ಭಗಳಲ್ಲಿ ಒಂದು ಉಳಿದರೆ ಹೆಚ್ಚು. ಆ ಜನಾಂಗದ ರೆಕ್ಸ್ ಎಂಬ ಮುದಿ ಯೋಧನಿಗೆ ಕೈಡನ್ ಎಂಬ ಮನುಷ್ಯ ಸೈನಿಕನು, ತಾನು ಕಂಡ ಬೇರೆ ಕ್ರೋಗನ್ನರಂತೆ ನೀನಿಲ್ಲವಲ್ಲ ಎಂದು ಮೆಚ್ಚುಗೆಯ ಧಾಟಿಯಲ್ಲೇ ಹೇಳುತ್ತಾನೆ. ಹೌದು, ನಾನಾ ಬಗೆಯ ಸಂಸ್ಕೃತಿ, ನಾನಾ ಬಗೆಯ ಸ್ವಭಾವ ಇರುವುದು ಮನುಷ್ಯರಿಗೆ ಮಾತ್ರ, ಕ್ರೋಗನ್ನರೆಲ್ಲರೂ ಒಂದೇ ಅಚ್ಚು ಎಂಬ ಅರ್ಥದ ಉತ್ತರ ರೆಕ್ಸ್‌ನಿಂದ ಬರುತ್ತದೆ. ಕೆಲವು ಸೆಕೆಂಡುಗಳ ಈ ವಿನಿಮಯದಲ್ಲಿ ಕೈಡನ್ನನ ಸಜ್ಜನಿಕೆಯ ಮಿತಿ ಕಾಣುತ್ತದೆ, ರೆಕ್ಸ್‌ನ ವಿವೇಕ ಕಾಣುತ್ತದೆ. ಒಂದೊಂದು ಗ್ರಹಕ್ಕೆ ಒಂದೊಂದು ಸ್ವಭಾವವನ್ನು ಹಂಚಿ ಕೈತೊಳೆದುಕೊಳ್ಳುವ ವೈಜ್ಞಾನಿಕ ಕಥೆಗಳ ಹಳೆಯ ಚಾಳಿಗೆ, ಆ ಚಾಳಿಯಿಂದ ತಾನೂ ಪೂರ್ತಿ ಹೊರತಲ್ಲದ ಆಟವೊಂದು ತಾನೇ ಕೊಟ್ಟುಕೊಂಡ ಪೆಟ್ಟೂ ಕಾಣುತ್ತದೆ.

ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಈ ಮಾತುಗಳಲ್ಲಿ ಆಟಗಾರನಿಗೆ ಪಾಲಿಲ್ಲ. ಉಳಿದ ಕಡೆಗಳಲ್ಲಿ ಪರದೆಯ ಕೆಳಗೆ ಚಕ್ರಾಕಾರದ ಪಟ್ಟಿಯೊಂದು ಮೂಡಿ, ಏನು ಹೇಳಲಿ ಎಂದು ಅವನ ಅಪ್ಪಣೆಗೆ ಕಾದಿರುತ್ತದೆ. ಅವನು ಬಾಯಿಬಿಡದೆ ಲೋಕ ಮುಂದೆ ಸರಿಯುವುದಿಲ್ಲ. ಲಿಫ್ಟಿನಲ್ಲಿ ಆ ಚಕ್ರ ಬರುವುದಿಲ್ಲ, ನಾಯಕನೆನಿಸಿದವನು ಇಬ್ಬರ ನಡುವೆ ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತಾನೆ. ಆಯ್ಕೆಯೇ ಪ್ರಾಣವಾಗಿರುವ ಆಟದಲ್ಲಿ ಆಯ್ಕೆಯಿಲ್ಲದ ಈ ಪುಟ್ಟ ಕೋಣೆಯಲ್ಲೇ ಸಂಗಡಿಗರು ನಾಯಕನ ಉಪಗ್ರಹಗಳಾಗಿರದೆ, ತಮ್ಮದೇ ನೆನಪು, ಮುನಿಸು, ಕುತೂಹಲಗಳಿರುವ ಜೀವಿಗಳಾಗುತ್ತಾರೆ. ಈ ಬರಹದ ಲೇಖಕನ ವಿಷಯದಲ್ಲಂತೂ, ಯಾರನ್ನು ಜೊತೆಗೆ ಕರೆದೊಯ್ಯಬೇಕೆಂಬುದು ಅವರ ಯುದ್ಧಬಲವನ್ನು ನೋಡಿ ತೀರ್ಮಾನವಾದದ್ದು ಅಪರೂಪ. ಯಾರ ಪಕ್ಕದಲ್ಲಿ ಯಾರು ನಿಂತರೆ ಮುಂದಿನ ಲಿಫ್ಟಿನಲ್ಲಿ ಮಾತು ಕಳೆಗಟ್ಟೀತು ಎಂಬ ಲೆಕ್ಕದ ಮೇಲೆಯೇ ಪಡೆ ಕಟ್ಟಲಾಗುತ್ತಿತ್ತು, ಅದರ ಫಲವಾಗಿ ಕೆಲವು ಕದನಗಳಲ್ಲಿ ಸೋಲೂ ಆಗುತ್ತಿತ್ತು.

ಹೆಚ್ಚಿನ ಆಟಗಾರರಿಗೆ ಈ ತಾಳ್ಮೆ ಇರಲಿಲ್ಲ, ಇರಬೇಕೆಂದು ಕೇಳುವುದೂ ನ್ಯಾಯವಲ್ಲ, ಏಕೆಂದರೆ ಹೊಸ ಮಾತುಗಳು ಮುಗಿದ ಮೇಲೂ ಲಿಫ್ಟು ಅಷ್ಟೇ ನಿಧಾನವಾಗಿ ಏರುತ್ತಿತ್ತು. ನಾರ್ಮಂಡಿ ನೌಕೆಯೊಳಗೆ ಒಂದೇ ಅಂತಸ್ತು ಇಳಿಯಲು ಹಿಡಿಯುತ್ತಿದ್ದ ಕಾಲವನ್ನು ಕುರಿತ ಹಾಸ್ಯಗಳು ಆಟದಷ್ಟೇ ಪ್ರಸಿದ್ಧವಾದವು. 2010ರ ಜನವರಿಯಲ್ಲಿ ಎರಡನೆಯ ಆಟ ಬಂದಾಗ ಲಿಫ್ಟುಗಳು ಮಾಯವಾಗಿದ್ದವು. ಅವುಗಳ ಜಾಗದಲ್ಲಿ ನೌಕೆಯ ನಕ್ಷೆಯಂಥ ಚಿತ್ರಗಳನ್ನು ತೋರಿಸುವ ಲೋಡಿಂಗ್ ಪರದೆ ಬಂದಿತ್ತು. ತಯಾರಕರು ಮಾತ್ರ ಹಳೆಯದನ್ನು ಮರೆತಿರಲಿಲ್ಲ. ಟ್ಯೂರಿಯನ್ ಜನಾಂಗದ ಗ್ಯಾರಸ್ ಮತ್ತು ಕ್ವೇರಿಯನ್ ಜನಾಂಗದ ಟಾಲಿ ಇಬ್ಬರನ್ನೂ ಸಿಟಡೆಲ್‌ಗೆ ಕರೆದೊಯ್ದರೆ, ಹಿಂದೆ ಲಿಫ್ಟುಗಳಲ್ಲಿ ಎಷ್ಟೊಂದು ಹರಟುತ್ತಿದ್ದೆವಲ್ಲವೇ, ನಿನ್ನ ರೋಗನಿರೋಧಕ ಶಕ್ತಿಯ ಕಥೆಯನ್ನು ಇನ್ನೊಮ್ಮೆ ಹೇಳು ಎಂದು ಗ್ಯಾರಸ್ ಕೆಣಕುತ್ತಾನೆ. ತನ್ನ ಕೈಯಲ್ಲಿ ಬಂದೂಕಿದೆ ಎಂದು ಟಾಲಿ ನೆನಪಿಸಿದ ಮೇಲೆ ಸುಮ್ಮನಾಗುತ್ತಾನೆ.

ಲಿಫ್ಟು ಹೋದರೂ ಲಿಫ್ಟಿನ ಬುದ್ಧಿ ಉಳಿದುಕೊಂಡಿತೆಂಬುದು ಈ ಸರಣಿಯ ಅದೃಷ್ಟ. ಎರಡನೆಯ ಆಟವು ಮುಖ್ಯ ಕಥೆಯನ್ನು ತೆಳ್ಳಗೆ ಮಾಡಿ, ಒಬ್ಬೊಬ್ಬ ಸಂಗಡಿಗನ ಮನೆತನದ, ಮನಸ್ಸಿನ ಗಂಟನ್ನು ಬಿಡಿಸುವ ಅಧ್ಯಾಯಗಳಿಗೇ ತನ್ನ ಬಹುಭಾಗವನ್ನು ಮೀಸಲಿಟ್ಟಿತು. ಕೊನೆಯ ದಾಳಿಯಲ್ಲಿ ಯಾರು ಬದುಕಿ ಬರುತ್ತಾರೆಂಬುದು ಆ ಅಧ್ಯಾಯಗಳ ಮೇಲೂ, ಯಾರಿಗೆ ಯಾವ ಕೆಲಸ ವಹಿಸಲಾಯಿತೆಂಬುದರ ಮೇಲೂ ನಿಂತಿತ್ತು. 2012ರ ಮಾರ್ಚಿನಲ್ಲಿ ಬಂದ ಮೂರನೆಯ ಆಟದಲ್ಲಿ ಸಂಗಡಿಗರು ನೌಕೆಯ ತುಂಬ ಓಡಾಡುತ್ತ, ಒಬ್ಬರಿನ್ನೊಬ್ಬರ ಕೋಣೆಗೆ ಹೋಗಿ ಹರಟುತ್ತಿದ್ದರು. ಜೀನೋಫೇಜ್‌ನ ಕಥೆ ಮುಕ್ತಾಯಕ್ಕೆ ಬರುವುದೂ ಈ ಆಟದಲ್ಲೇ. ಆಟಗಾರನ ಹಿಂದಿನ ತೀರ್ಮಾನಗಳು ಅವಕಾಶ ಕೊಟ್ಟಿದ್ದರೆ, ಆ ಸೋಂಕನ್ನು ಒಮ್ಮೆ ಇನ್ನಷ್ಟು ಬಲಗೊಳಿಸಿದ್ದ ಮೋರ್ಡಿನ್ ಎಂಬ ಸಲೇರಿಯನ್ ವಿಜ್ಞಾನಿಯೇ ಅದರ ಮದ್ದನ್ನು ಗಾಳಿಗೆ ಬಿಡಲು, ಕುಸಿಯುತ್ತಿರುವ ಗೋಪುರದ ತುದಿಗೆ ಒಬ್ಬನೇ ಹೋಗಿ ಪ್ರಾಣ ಬಿಡುತ್ತಾನೆ. ಅವನು ಮೇಲಕ್ಕೆ ಹೋಗುವುದು ಲಿಫ್ಟಿನಲ್ಲಿ. ಬಾಗಿಲು ಮುಚ್ಚುವ ಮೊದಲು ಅವನೂ ಶೆಪರ್ಡ್ ಕೂಡ ಆಡುವ ಮಾತು ಇಡೀ ಸರಣಿಯ ಅತ್ಯುತ್ತಮ ಬರವಣಿಗೆಯೆಂದು ಹೇಳಲು ಹಿಂಜರಿಯಬೇಕಾಗಿಲ್ಲ.

ಅದೇ ಆಟದ ಕೊನೆಯಲ್ಲಿ ಇನ್ನೊಂದು ಆರೋಹಣವಿದೆ. ಗಾಯಗೊಂಡು ಕುಸಿದ ಶೆಪರ್ಡ್‌ನನ್ನು ಒಂದು ಚಲಿಸುವ ವೇದಿಕೆ ಮೇಲಕ್ಕೆ ಒಯ್ಯುತ್ತದೆ. ಮೇಲೆ ಅದುವರೆಗೆ ಆಟಗಾರನು ಕಂಡರಿಯದ ಒಂದು ಚೇತನವು ಮಗುವಿನ ರೂಪದಲ್ಲಿ ಬಂದು, ರೀಪರ್‌ಗಳ ರಹಸ್ಯವನ್ನು ಕೆಲವೇ ವಾಕ್ಯಗಳಲ್ಲಿ ವಿವರಿಸಿ, ಬಣ್ಣಬಣ್ಣದ ಮೂರು ದಾರಿಗಳನ್ನು ತೋರಿಸಿ, ಇವುಗಳಲ್ಲಿ ಒಂದನ್ನು ಆರಿಸಿಕೋ ಎನ್ನುತ್ತದೆ. ಈ ಮುಕ್ತಾಯದ ವಿರುದ್ಧ ಎದ್ದ ಗಲಾಟೆ ದೊಡ್ಡದು: ಅಭಿಮಾನಿಗಳು ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ‘ಚೈಲ್ಡ್ಸ್ ಪ್ಲೇ’ ಸಂಸ್ಥೆಗೆ 80,000 ಡಾಲರ್‌ಗೂ ಹೆಚ್ಚು ಹಣ ಕೂಡಿಸಿ ತಮ್ಮ ಪ್ರತಿಭಟನೆಯನ್ನು ತೋರಿದರು, ಕೆಂಪು, ಹಸಿರು, ನೀಲಿ ಬಣ್ಣದ, ಆದರೆ ರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲದ ಸುಮಾರು 400 ಕಪ್‌ಕೇಕ್‌ಗಳನ್ನು ಬಯೋವೇರ್ ಕಚೇರಿಗೆ ಕಳುಹಿಸಿ, ಮೂರು ಮುಕ್ತಾಯಗಳೂ ಒಂದೇ ಎಂಬ ದೂರನ್ನು ತಿನ್ನಿಸಿ ತಿಳಿಸಿದರು. ಸಂಸ್ಥೆಯು ಜೂನ್ ತಿಂಗಳಲ್ಲಿ ವಿಸ್ತರಿಸಿದ ಮುಕ್ತಾಯವನ್ನು ಉಚಿತವಾಗಿ ಕೊಟ್ಟಿತು. ಬಣ್ಣಗಳ ದೂರಿನಲ್ಲಿ ಸತ್ಯವಿದೆ, ಆದರೆ ಅದು ರೋಗದ ಮೂಲವನ್ನು ಮುಟ್ಟುವುದಿಲ್ಲ. ಇಡೀ ಗೆಲಾಕ್ಸಿಯ ಹಣೆಬರಹ ತೀರ್ಮಾನವಾಗುವ ಆ ಆರೋಹಣದಲ್ಲಿ ಶೆಪರ್ಡ್‌ನ ಎಡಬಲದಲ್ಲಿ ಯಾರೂ ಇಲ್ಲ; ರೆಕ್ಸ್‌ನ ಕೊಂಕಿಲ್ಲ, ಟಾಲಿಯ ಮುನಿಸಿಲ್ಲ. ಮೂರು ಆಟಗಳ ಉದ್ದಕ್ಕೂ ಮಾತನ್ನೇ ನಂಬಿ ಬಂದ ಸರಣಿಯು ತನ್ನ ಕೊನೆಯ ಲಿಫ್ಟಿಗೆ ನಾಯಕನನ್ನು ಒಂಟಿಯಾಗಿ ಹತ್ತಿಸಿತು, ವಿಸ್ತರಿಸಿದ ಮುಕ್ತಾಯಕ್ಕೂ ಅದನ್ನು ಸರಿಪಡಿಸಲು ಆಗಲಿಲ್ಲ.

ಇದೇ ಸರಣಿಯ ಮುಂದಿನ ಆಟವಾದ, 2017ರ ‘ಆಂಡ್ರೋಮಿಡಾ’ವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಬೇರೊಂದು ಗೆಲಾಕ್ಸಿ, ಬೇರೆ ನಾಯಕ, ವಿಶಾಲವಾದ ಬಯಲುಗಳು, ಭಾವನೆ ಮೂಡದ ಮುಖಗಳು. ಗ್ರಹದಿಂದ ಗ್ರಹಕ್ಕೆ ಹಾರುವ ದೃಶ್ಯಗಳನ್ನು ದಾಟಿಹೋಗಲು ಮೊದಮೊದಲು ಅವಕಾಶವಿರಲಿಲ್ಲ, ಏಪ್ರಿಲಿನಲ್ಲಿ ತಿದ್ದುಪಡಿ ತಂದು ಅದನ್ನು ಕೊಡಬೇಕಾಯಿತು. ಸುಂದರವಾಗಿದ್ದರೂ ಯಾರೂ ಮಾತಾಡದ ಆ ಹಾರಾಟಗಳನ್ನು ಬಿಟ್ಟುಬಿಟ್ಟಿದ್ದಕ್ಕೆ ಯಾರೂ ಮರುಗಲಿಲ್ಲ. ನೋಮ್ಯಾಡ್ ಎಂಬ ವಾಹನದಲ್ಲಿ ಬಯಲು ದಾಟುವಾಗ ಮಾತ್ರ ಸಂಗಡಿಗರು ಹಳೆಯ ಲಿಫ್ಟಿನ ಧಾಟಿಯಲ್ಲಿ ಹರಟುತ್ತಾರೆ, ಆ ಆಟ ಸಹನೀಯವಾಗುವುದೂ ಅಷ್ಟರಮಟ್ಟಿಗೆ ಮಾತ್ರ.

ಒಟ್ಟಿನಲ್ಲಿ ತೂಗಿ ನೋಡಿದರೆ, ಲೋಕವನ್ನು ಕಟ್ಟುವುದರಲ್ಲಿ ಮೊದಲನೆಯದಕ್ಕೆ, ಪಾತ್ರಗಳನ್ನು ಬೆಳೆಸುವುದರಲ್ಲಿ ಎರಡನೆಯದಕ್ಕೆ ಮೇಲುಗೈ. ಮೂರನೆಯದು ಕೊನೆಯ ಕಾಲು ಗಂಟೆಯನ್ನು ಬಿಟ್ಟರೆ ಆ ಎರಡಕ್ಕೂ ಸಮನಾಗಿ ನಿಲ್ಲುತ್ತದೆ. ಹೊಸದಾಗಿ ಕೈಹಾಕುವವರಿಗೆ ಮೊದಲ ಆಟ ಹಳತಾಗಿದೆ, ಎರಡನೆಯದರಿಂದಲೇ ಶುರುಮಾಡಿ ಎಂದು ಸಲಹೆ ಕೊಡುವವರು ಇದ್ದಾರೆ. ಆ ಸಲಹೆಯನ್ನು ಕೇಳಬಾರದು. ಕೇಳಿದವರಿಗೆ ಗ್ಯಾರಸ್ ಯಾಕೆ ಕೆಣಕಿದ, ಟಾಲಿ ಯಾಕೆ ಬಂದೂಕಿನ ಮಾತೆತ್ತಿದಳು ಎಂಬುದು ತಿಳಿಯುವುದೇ ಇಲ್ಲ.