ಹೆಜ್ಜೆ ಕಲಿಸುವ ಮಾಸ್ತರ

ಸೂಡಿಗೆ ಬಂದವರು ಮೊದಲು ನೋಡುವುದು ಜೋಡುಕಳಸದ ಗುಡಿ, ಆಮೇಲೆ ನಾಗಕುಂಡ. 11ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು-70ನ್ನು ಆಳಿದ ಊರಿದು. ಸುಗ್ಗಿ ಮುಗಿದ ಮೇಲೆ ಬಂದಿದ್ದೀರಿ, ಕತ್ತಲಾಗಿದೆ. ಗುಡಿ ನಾಳೆ ನೋಡಿದರಾಯಿತು. ಮದ್ದಳೆ ಕೇಳಿಸುವ ಕಡೆ ನಡೆಯಿರಿ, ದೊಡ್ಡಾಟದ ತಾಲೀಮು ನಡೆದಿದೆ.

ಅಂಗಳದಲ್ಲಿ ಒಂದೇ ಬಲ್ಬು. ಹಗಲು ಟ್ರ್ಯಾಕ್ಟರ್ ಹೊಡೆಯುವ ಹುಡುಗ ಈಗ ಕರ್ಣ. ಮಾಸ್ತರ ಗೋಡೆಗೆ ಒರಗಿ ತಾಳ ಹಿಡಿದು ಕೂತಿದ್ದಾನೆ. ಹುಡುಗನ ಮುಖ ನೋಡುತ್ತಿಲ್ಲ, ಹಿಮ್ಮಡ ನೋಡುತ್ತಿದ್ದಾನೆ. ತಟ್ಟನೆ ತಾಳ ನಿಲ್ಲುತ್ತದೆ.

"ಹೆಜ್ಜಿ ಮುಂದ ಬಿತ್ತು. ಮತ್ತ ಬಾ."

ನಾಲ್ಕನೆಯ ಸಲವೂ ತಪ್ಪಿದಾಗ ಧೋತರ ಮೇಲೆ ಕಟ್ಟಿ ತಾನೇ ಎದ್ದು ಬರುತ್ತಾನೆ. ನೆಲದ ಮೇಲೆ ಇದ್ದಿಲಿನ ಗೆರೆ ಎಳೆದಿದ್ದಾನೆ: ಅದು ಆಟ ಆಡುವ ಅಟ್ಟದ ಅಂಚು. ಹೆಗಲ ಮೇಲೆ ಇಲ್ಲದ ಭುಜಕೀರ್ತಿ ಇದೆಯೆಂದೇ ಮೈ ಅಗಲಿಸಿ ತಿರುಗುತ್ತಾನೆ. ನಾಳೆ ವೇಷ ಕಟ್ಟಿದ ಕರ್ಣಾರ್ಜುನರು ಆ ಸಣ್ಣ ಅಟ್ಟದ ಮೇಲೆ ಒಬ್ಬರಿಗೊಬ್ಬರು ತಾಗಬಾರದಲ್ಲ! ಗೆಜ್ಜೆ ಇನ್ನೂ ಕೊಟ್ಟಿಲ್ಲ. ಗೆಜ್ಜೆ ಕಟ್ಟಿದ ಮೇಲೆ ತಪ್ಪು ಊರಿಗೆಲ್ಲ ಕೇಳಿಸುತ್ತದೆ.

ಇಂಥ ಮಾಸ್ತರರ ವೃತ್ತಿಜೀವನ ಹೆಚ್ಚುಕಡಿಮೆ ಒಂದೇ ದಾರಿಯದು. ಹುಡುಗನಿದ್ದಾಗ ಹೆಣ್ಣುವೇಷ, ಮುಂದೆ ಸಾರಥಿ, ದನಿ ಬಲಿತ ಮೇಲೆ ರಾಜವೇಷ, ಕಡೆಗೆ ಬಗಲಲ್ಲಿ ಆಟದ ಪ್ರತಿ ಇಟ್ಟುಕೊಂಡು ಊರಿಂದೂರಿಗೆ. ಊಟ ಪಾತ್ರಧಾರಿಗಳ ಮನೆಯಿಂದ, ಸರದಿಯ ಮೇಲೆ. ನಿರ್ದೇಶನ, ನೃತ್ಯ ಸಂಯೋಜನೆ, ಹಾಡು, ಮಾತು ಎಲ್ಲ ಅವನದೇ. ಬೇರೆ ಕಡೆ ಇಂಥ ಕೆಲಸಕ್ಕೆ ಹೆಸರುಂಟು. ಬೆಂಗಳೂರಿನ ಮಾಯಾ ರಾವ್ ನೃತ್ಯ ಸಂಯೋಜನೆ ಕಲಿಯಲು 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ ಬಂದರು, ಅದನ್ನೊಂದು ಪಾಠಕ್ರಮವಾಗಿ ಕಟ್ಟಿದರು; 2013ರಲ್ಲಿ ಪದ್ಮಶ್ರೀ ಬಂತು. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳು ಅವರ ಹೆಸರಿನಲ್ಲೇ ಉಳಿದಿವೆ. ಶ್ರೀಕೃಷ್ಣ ಪಾರಿಜಾತದ ಆಟವೆಂದರೆ ಈಗಲೂ ಕೌಜಲಗಿ ನಿಂಗಮ್ಮ ನೆನಪಾಗುತ್ತಾಳೆ. ಆದರೆ ದೊಡ್ಡಾಟದ ಮಾಸ್ತರನಿಗೆ ಸಿಗುವುದು ಕರಪತ್ರದಲ್ಲಿ ದಾನಿಗಳ ಪಟ್ಟಿಯ ಕೆಳಗೆ ಒಂದು ಸಾಲು, ಅದೂ ಜಾಗ ಉಳಿದರೆ.

ಹಿಂದೆ ಹೀಗಿರಲಿಲ್ಲ ಎನ್ನಲು ಇಲ್ಲೇ ಹತ್ತಿರದ ಪಟ್ಟದಕಲ್ಲಿನಲ್ಲಿ ಸಾಕ್ಷಿಯಿದೆ. 8ನೆಯ ಶತಮಾನದ ಅಚಲನೆಂಬ ನಟನನ್ನು ಅಲ್ಲಿನ ಶಾಸನವೊಂದು ಸಿಂಹವೆಂದು ಹೊಗಳಿದೆ; ಎದುರಾಳಿ ನಟರು ಮದವಿಳಿದ ಆನೆಗಳಂತೆ. ಅರಸರಿಗೆ ಸಲ್ಲುವ ಕಲ್ಲು ಒಬ್ಬ ಕುಣಿಯುವವನಿಗೂ ಸಂದಿತ್ತು.

ಕರ್ಣ ಈ ಸಲ ಗೆರೆ ದಾಟಲಿಲ್ಲ. ಮಾಸ್ತರ ಹೊಗಳುವುದಿಲ್ಲ, "ಅರ್ಜುನ ಬರ್ಲಿ" ಅನ್ನುತ್ತಾನೆ, ಅಷ್ಟೆ.

ದೊಡ್ಡಾಟದಂಥ ಬಯಲಾಟಗಳಿಗೆಂದೇ ಬಾಗಲಕೋಟೆಯಲ್ಲಿ ಈಗ ಅಕಾಡೆಮಿಯಿದೆ. ನಿಮ್ಮೂರಲ್ಲಿ ಇಂಥ ಮಾಸ್ತರ ಇದ್ದರೆ ಅವನ ಹೆಸರು ಅಲ್ಲಿಗೆ ಬರೆದು ಕಳಿಸಿ. ಕೈಯಲ್ಲಿ ಫೋನ್ ಇದ್ದೇ ಇದೆ, ಆಟದ ಜೊತೆಗೆ ತಾಲೀಮನ್ನೂ ಚಿತ್ರೀಕರಿಸಿ. ಹಾಡು, ಮಾತು ಪ್ರತಿಯಲ್ಲಿ ಸಿಗುತ್ತವೆ. ಹೆಜ್ಜೆ ಸಿಗುವುದಿಲ್ಲ.